ಸರ್ವೆ ರಘುನಾಥನ ಸದ್ದಿನ ಅಳತೆ

ಹಿರಿಯೂರಿನಲ್ಲಿ ಬರೀ ರಘುನಾಥ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಸರ್ವೆ ರಘುನಾಥ ಎನ್ನಬೇಕು. ಕೆಲಸಕ್ಕೆ ಸೇರಿದಾಗಿನಿಂದ ತಾಲ್ಲೂಕಿನ ಹೊಲ ಅಳೆಯುತ್ತಲೇ ತಲೆ ನರೆಸಿಕೊಂಡ ಸರ್ಕಾರಿ ಭೂಮಾಪಕ ಅವನು. ಅಳೆದು ಅಳೆದು ಅವನಲ್ಲೊಂದು ಸಿದ್ಧಾಂತ ಬೆಳೆದಿತ್ತು: ಮನುಷ್ಯರು ಸುಳ್ಳು ಹೇಳುತ್ತಾರೆ, ಅಳತೆ ಹೇಳುವುದಿಲ್ಲ. ಆದಿವಾಲದ ಕಡೆ ಒಂದು ಬದುವಿನ ಮೇಲೆ ಅಣ್ಣತಮ್ಮಂದಿರಿಬ್ಬರು ಒಂದೇ ಬೇವಿನ ಮರವನ್ನು ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ತಬ್ಬಿಕೊಂಡು ‘ನಮ್ಮಪ್ಪ ನೆಟ್ಟಿದ್ದು’ ಎಂದು ಅತ್ತಿದ್ದನ್ನು ಕಣ್ಣಾರೆ ಕಂಡವನು ಅವನು. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಆ ಹೊತ್ತಿನಲ್ಲಿ ಅವರಿಗೆ ನೆನಪಿರಲಿಲ್ಲ. ಅಂಥ ಜನರ ನಡುವೆ ಬಾಳಿದವನಿಗೆ ಬಾಯಿಮಾತಿನ ಮೇಲೆ ನಂಬಿಕೆ ಉಳಿಯದಿದ್ದರೆ ಅದು ಅವನ ತಪ್ಪಲ್ಲ ಬಿಡಿ.

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆ ಇವನ ವಿಷಯದಲ್ಲಿ ಕೆಲಸಕ್ಕೆ ಬರಲಿಲ್ಲ. ತಾನು ಮದುವೆಯಾಗಿ, ಮಗಳನ್ನೂ ಮದುವೆ ಮಾಡಿ ಹೊಳಲ್ಕೆರೆಗೆ ಕಳಿಸಿ, ಇನ್ನು ಸ್ವಲ್ಪ ಹಾಯಾಗಿರಬಹುದು ಎಂದು ಹೆಂಡತಿ ರೇಣುಕಮ್ಮ ಕಾಲು ಚಾಚುವ ಹೊತ್ತಿಗೆ ಹುಚ್ಚು ಹಿಡಿಯಿತು. ಹೋಂ ಥಿಯೇಟರ್ ಹುಚ್ಚು. ನಡುಮನೆಯ ಮುಂಭಾಗಕ್ಕೆ ಮೂರು ಸ್ಪೀಕರ್, ಹಿಂದೆ ಎರಡು, ಮೂಲೆಯಲ್ಲಿ ಗುಡುಗು ಹಾಕಲಿಕ್ಕೆಂದೇ ಒಂದು ದಪ್ಪನೆಯ ಸಬ್‌ವೂಫರ್. ಅದನ್ನು ಒಳಗೆ ತರುವಾಗ ರೇಣುಕಮ್ಮ ಹೊಸ ಅಕ್ಕಿ ಡಬ್ಬ ಬಂತೆಂದುಕೊಂಡು ಜಾಗ ಮಾಡಿಕೊಟ್ಟಿದ್ದಳು. ಆಮೇಲೆ ಆ ಜಾಗ ಅವಳಿಗೆ ವಾಪಸ್ಸು ಸಿಗಲಿಲ್ಲ.

ನೋಡಲು ಬಂದವರೆಲ್ಲ ‘ಚೆನ್ನಾಗೈತೆ’ ಎಂದರು. ರಘುನಾಥನ ತಂದೆ ರಂಗಪ್ಪ ‘ಚೆನ್ನಾಗೈತಪ್ಪ’ ಎಂದ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಕಾಟಲಿಂಗಪ್ಪ ಪ್ರತಿ ಭಾನುವಾರ ಬಂದು, ಸೋಫಾದ ನಟ್ಟನಡುವೆ ಕೂತು, ಕಣ್ಣು ಮುಚ್ಚಿ ತಲೆದೂಗಿದ. ಒಂದು ದಿನವಂತೂ, ‘ಹಿಂದಿನ ಸ್ಪೀಕರ್‌ನಾಗೆ ಏನು ಬರ್ತೈತೆ ಸಾಹೇಬ್ರೆ, ಮೈ ಜುಮ್ ಅಂತು’ ಎಂದ. ಅದಕ್ಕೆ ಎರಡು ದಿನ ಮುಂಚೆಯೇ ಹಿಂದಿನ ಸ್ಪೀಕರಿನ ವೈರನ್ನು ಇಲಿ ಕಡಿದುಹಾಕಿತ್ತು. ಅದರಲ್ಲಿ ಏನೂ ಬರುತ್ತಿರಲಿಲ್ಲ.

ರಘುನಾಥನ ಎದೆಗೆ ನಾಟಿತು. ಹೊಲದ ಬದುವಿನ ಮೇಲಿನ ಸುಳ್ಳು ಮನೆಯ ಸೋಫಾದ ಮೇಲೂ ಬಂದು ಕೂತಿದೆ ಎಂದು ಗೊತ್ತಾದ ಮೇಲೆ ಅವನು ಸುಮ್ಮನಿರುವವನಲ್ಲ. ವೈರು ಸರಿಮಾಡಿಸಿ, ವಾರದೊಳಗೆ ಅಳತೆಯ ಮೈಕು ತರಿಸಿದ. ಹಾಡುವವರ ಕೈಯಲ್ಲಿರುವಂಥ ಮೈಕಲ್ಲ, ಪೆನ್ನಿಗಿಂತ ಸ್ವಲ್ಪ ದಪ್ಪಗೆ, ತುದಿಯಲ್ಲಿ ಸ್ಪಂಜಿನ ಟೋಪಿ ಹಾಕಿಕೊಂಡ ಕಡ್ಡಿಯಂಥದ್ದು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೂತವರ ಕಿವಿ ಬರುವ ಎತ್ತರಕ್ಕೆ ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಸ್ಪೀಕರಿನಿಂದ ಒಂದು ಕೂಗು ಹೊರಡುತ್ತಿತ್ತು. ಮೊದಲು ನೆಲದೊಳಗಿಂದ ಬಂದಂಥ ಗುಂಯ್, ಆಮೇಲೆ ಮೇಲೇರುತ್ತ, ತೆಳುವಾಗುತ್ತ, ಕೊನೆಗೆ ಸೊಳ್ಳೆಯ ಕಿರಿಕಿರಿಯಾಗಿ ಮಾಯವಾಗುವ ಕೂಗು. ಆ ಕೂಗು ಕೋಣೆಯ ಗೋಡೆಗಳಿಗೆಲ್ಲ ಬಡಿದು ಮೈಕಿಗೆ ಹೇಗೆ ತಲುಪಿತು ಎಂಬುದನ್ನು ಲ್ಯಾಪ್‌ಟಾಪು ಒಂದು ಗೆರೆಯಾಗಿ ಎಳೆದು ತೋರಿಸುತ್ತಿತ್ತು. ಗೆರೆ ನೆಟ್ಟಗೆ ಮಲಗಿದ್ದರೆ ಸದ್ದು ಸರಿಯಾಗಿದೆ ಎಂದರ್ಥ. ರಘುನಾಥನ ಮನೆಯ ಗೆರೆ ಚಿತ್ರದುರ್ಗದ ಕೋಟೆಗೋಡೆಯ ಹಾಗೆ ಏರಿ ಇಳಿದು ಹೋಗಿತ್ತು.

ಅಲ್ಲಿಂದ ಅವನಿಗೂ ಮನೆಯವರಿಗೂ ನೆಮ್ಮದಿ ಇಲ್ಲವಾಯಿತು. ಅಳೆಯುವಾಗ ಬೇರೆ ಸದ್ದು ಇರಕೂಡದೆಂದು ಫ್ಯಾನು ಬಂದ್, ಫ್ರಿಜ್ಜು ಬಂದ್, ಕುಕ್ಕರ್ ಇಳಿಸಬೇಕು. ರೇಣುಕಮ್ಮನ ಬೇಳೆ ಎಷ್ಟೋ ದಿನ ಅರ್ಧ ಬೆಂದೇ ಊಟಕ್ಕೆ ಬಂತು. ಎಲ್ಲ ನಿಲ್ಲಿಸಿದರೂ ಹೆದ್ದಾರಿಯ ಲಾರಿ ನಿಲ್ಲುತ್ತದೆಯೇ? ಅದರ ಹಾರ್ನ್ ಕೂಡ ಗೆರೆಯಲ್ಲಿ ಮೊಳೆಯಂತೆ ಎದ್ದು ನಿಲ್ಲುತ್ತಿತ್ತು. ಒಂದು ಸಲ, ನಿಜವಾದ ಮೌನ ಎಂದರೆ ಎಷ್ಟಿರುತ್ತದೆ ಅಳೆದೇ ಬಿಡೋಣ ಎಂದು ಸದ್ದು ಅಳೆಯುವ ಮೀಟರು ಹಿಡಿದು ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ಜೋಗಿಮಟ್ಟಿ ಬೆಟ್ಟದ ನೆತ್ತಿಗೆ ಹತ್ತಿದ. ಅಲ್ಲಿಯ ಗಾಳಿಗೆ ಮೀಟರಿನ ಮುಳ್ಳು ಹಿರಿಯೂರು ಬಸ್‌ಸ್ಟ್ಯಾಂಡಿಗಿಂತ ಮೇಲೆ ಹೋಯಿತು. ಮೌನ ಎಂಬುದು ಜಿಲ್ಲೆಯಲ್ಲೇ ಇಲ್ಲ ಎಂದು ಬೇಸರದಿಂದ ವಾಪಸ್ಸು ಬಂದ.

ಇನ್ನೊಂದು ದಿನ ರಂಗಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಹೊರಗೆ ಬಂದಾಗ ಮಗ ನೆಲದ ಮೇಲೆ ಮಂಡಿಯೂರಿ ತೆವಳುತ್ತಿದ್ದ. ಸೋಫಾದ ಮೇಲೆ ಸಬ್‌ವೂಫರ್ ಯಜಮಾನನ ಹಾಗೆ ಕೂತು ಗುಡುಗುತ್ತಿತ್ತು.

“ಏನು ಕಳ್ಕಂಡ್ಯಪ್ಪ?” ಎಂದು ರಂಗಪ್ಪ ಕೇಳಿದ.

“ಏನೂ ಇಲ್ಲಪ್ಪ. ನಾನು ಕೂರೋ ಜಾಗದಾಗೆ ಇದನ್ನ ಕೂರ್ಸಿ, ನೆಲದ ಮೇಲೆ ಎಲ್ಲಿ ಇದರ ಸದ್ದು ಚೆನ್ನಾಗಿ ಬರ್ತೈತೋ ಹುಡುಕ್ಬೇಕು. ಆಮೇಲೆ ಇದನ್ನ ಅಲ್ಲಿಗೆ ಇಡಬೇಕು.”

ರಂಗಪ್ಪ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಅಡುಗೆಮನೆಗೆ ಹೋಗಿ ಸೊಸೆಗೆ, “ಅವನಿಗೆ ಒಂದು ತಾಯಿತ ಕಟ್ಸಮ್ಮ” ಎಂದು ಹೇಳಿ ಮತ್ತೆ ಮಲಗಿದ.

ನಗುವವರು ನಗಲಿ, ಗೆರೆ ನಿಧಾನಕ್ಕೆ ನೆಟ್ಟಗಾಗುತ್ತ ಬಂತು. ಹೊಸದುರ್ಗದ ಒಬ್ಬ ವಕೀಲರು, ಚಿತ್ರದುರ್ಗದ ಒಬ್ಬ ದಂತವೈದ್ಯರು ವಿಷಯ ತಿಳಿದು ತಮ್ಮ ಮನೆಗೂ ಕರೆಸಿಕೊಂಡರು. ಅವನು ಮೈಕು ನೆಟ್ಟು, ಕೂಗು ಹಾಕಿಸಿ, ಗೆರೆ ತಿದ್ದಿಕೊಟ್ಟು, ಕಾಫಿ ಕುಡಿದು ಬಂದ. ಎರಡು ಮನೆಯವರೂ ‘ಈಗ ಚೆನ್ನಾಗೈತೆ’ ಎಂದರು. ಜಗತ್ತಿನಲ್ಲಿ ಯಾರ ಬಾಯಿಮಾತನ್ನೂ ನಂಬದ ರಘುನಾಥ ಆ ಎರಡು ಮಾತನ್ನು ಮಾತ್ರ ನಂಬಿದ. ಹೊಗಳಿಕೆಗೆ ಅಷ್ಟು ಶಕ್ತಿ ಇದೆ, ಏನು ಮಾಡುವುದು!

ಒಂದು ಸಂಜೆ ಮುದ್ದೆ ಮುರಿಯುತ್ತ ಅವನು ಹೆಂಡತಿಗೆ ಹೇಳಿದ: “ಕೆಲಸ ಬಿಡ್ತೀನಿ ರೇಣುಕಾ. ಸ್ವಯಂ ನಿವೃತ್ತಿ. ‘ಸದ್ದಿನ ಸರ್ವೆ’ ಅಂತ ಅಂಗಡಿ ಇಡ್ತೀನಿ. ಬೋರ್ಡು ಹೆಂಗಿರಬೇಕು ಅನ್ನೋದೂ ಯೋಚ್ನೆ ಮಾಡೀನಿ.”

ರೇಣುಕಮ್ಮ ಸಾರಿನ ಸೌಟು ಪಾತ್ರೆಯಲ್ಲೇ ಬಿಟ್ಟಳು. “ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲಲ್ಲ ಅಂತಾರೆ. ನೀವು ತೆವಳಿ ಉಣ್ತೀನಿ ಅಂತೀರ” ಎಂದಳು. ಎರಡು ದಿನ ಮಾತು ನಿಂತಿತು. ಮೂರನೆಯ ದಿನ ಅವಳೇ ಒಂದು ದಾರಿ ತೋರಿಸಿದಳು. “ಬರೋ ಭಾನುವಾರ ಎಲ್ಲಾರನ್ನೂ ಕೂರ್ಸಿ ಕೇಳಿಸ್ರಿ. ಮಾವ, ನಾನು, ಕಾಟಲಿಂಗಪ್ಪಣ್ಣ, ಹರಿಯಬ್ಬೆಯಿಂದ ಅತ್ತೆಮ್ಮನೂ ಬರ್ಲಿ. ಎಲ್ಲಾರೂ ಒಂದೇ ಬಾಯಿಗೆ ಚೆನ್ನಾಗೈತೆ ಅಂದ್ರೆ ಕೆಲಸ ಬಿಡ್ರಿ. ನಾನು ಅಡ್ಡ ಬರಲ್ಲ.”

ಅತ್ತೆಮ್ಮ ಎಂದರೆ ರಂಗಪ್ಪನ ಅಕ್ಕ ಏಕನಾಥಮ್ಮ. ಮುಖ ಮುರಿಯುವಂತೆ ಮಾತಾಡುವುದರಲ್ಲಿ ಹರಿಯಬ್ಬೆಯ ಸುತ್ತ ಹೆಸರಾದವಳು. ಅವಳೊಬ್ಬಳು ಸಾಕು ಎಂದು ರೇಣುಕಮ್ಮನ ಲೆಕ್ಕ. ಆದರೆ ರಘುನಾಥನನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಸಾಕಿದವಳೂ ಅವಳೇ. ಎತ್ತಿ ಆಡಿಸಿದ ಕೈ ತನ್ನನ್ನು ಬಿಡುತ್ತದೆಯೇ ಎಂದು ಅವನ ಲೆಕ್ಕ. ಮಿಕ್ಕವರ ‘ಚೆನ್ನಾಗೈತೆ’ಯಂತೂ ಜೇಬಿನಲ್ಲೇ ಇದೆ. ಅವನು ಖುಷಿಯಿಂದ ಒಪ್ಪಿದ.

ಭಾನುವಾರ ಬೆಳಿಗ್ಗೆ ಕಡೆಯ ಸಲ ಅಳೆದಾಗ ಗೆರೆಯಲ್ಲಿ ಇನ್ನೂ ಗರಗಸದ ಹಲ್ಲುಗಳು ಕಂಡವು. ನುಣುಪು ಟೈಲ್ಸಿನ ನೆಲ, ಸದ್ದು ಪುಟಿಯುತ್ತಿತ್ತು. ದಪ್ಪ ಜಮಖಾನ ಹಾಸಬೇಕು. ಪೇಟೆಗೆ ಹೋಗಿ ತರುವಷ್ಟು ಹೊತ್ತಿಲ್ಲ. ಆಗ ಅವನಿಗೆ ಅಟ್ಟದ ಮೇಲಿನ ಟ್ರಂಕು ನೆನಪಾಯಿತು. ರಂಗಪ್ಪ ಕುರಿ ಮಾರಿ ಮಗನ ಮನೆ ಸೇರಿದ್ದರೂ ಕಂಬಳಿಗಳನ್ನು ಮಾರಿರಲಿಲ್ಲ. ತಮ್ಮದೇ ಕುರಿಗಳ ಉಣ್ಣೆಯಲ್ಲಿ ನೇಯಿಸಿದ ಕರಿಯ ಕಂಬಳಿಗಳು. ರಘುನಾಥ ಅಷ್ಟನ್ನೂ ಇಳಿಸಿ ಬಾಗಿಲ ಹತ್ತಿರದ ಒಂದಿಷ್ಟು ಜಾಗ ಬಿಟ್ಟು ನಡುಮನೆ ತುಂಬ ಹಾಸಿದ. ನಡುವೆ ಟೈಲ್ಸು ಇಣುಕಬಾರದೆಂದು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸಿದ. ಕೇಳುವವರು ಕೂರುವ ಜಾಗದ ಮಧ್ಯೆ ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ ಅದರ ಮೇಲೆ ಮೈಕಿನ ಸ್ಟ್ಯಾಂಡು ನಿಲ್ಲಿಸಿದ. ಸೋಫಾ ಹೊರಗೆ ಹೋಯಿತು. ಮತ್ತೆ ಅಳೆದ. ಗೆರೆ ಹಾಸಿಗೆ ಹಿಡಿದವರಂತೆ ಚಪ್ಪಟೆಯಾಗಿ ಮಲಗಿತ್ತು. ರಘುನಾಥನಿಗೆ ಕಣ್ಣಲ್ಲಿ ನೀರೇ ಬಂತು.

ಅದೇ ಹೊತ್ತಿಗೆ ಏಕನಾಥಮ್ಮ ಬಂದಳು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೆಜ್ಜೆ ಇಟ್ಟವಳು ಹಾಸಿದ ಕಂಬಳಿ ನೋಡಿ ಗಕ್ಕನೆ ನಿಂತು, ಸೆರಗು ತಲೆಯ ಮೇಲೆಳೆದುಕೊಂಡಳು. ಮೈಕಿನ ಸ್ಟ್ಯಾಂಡು ಅವಳ ಕಣ್ಣಿಗೆ ಕುಲದ ನ್ಯಾಯದಲ್ಲಿ ನಿಲ್ಲಿಸುವ ಬೆತ್ತದ ಹಾಗೆ ಕಂಡಿತ್ತು.

“ಕಂಬಳಿ ಹಾಸಿ ನಡುವೆ ಬೆತ್ತ ನಿಲ್ಸೀಯ. ಇವತ್ತು ಯಾವ ನ್ಯಾಯ ಐತಲೇ ರಘುನಾಥ?”

ಗೆಲುವಿನ ಗುಂಗಿನಲ್ಲಿದ್ದ ರಘುನಾಥ ತಮಾಷೆಗೆ, “ಹ್ಞೂಂ ಅತ್ತೆ, ಇವತ್ತು ನಂದೇ ನ್ಯಾಯ. ನೀನೇ ಹಿರೇತನ ಮಾಡ್ಬೇಕು” ಎಂದುಬಿಟ್ಟ.

ಆ ಮಾತನ್ನು ಆಡದಿದ್ದರೆ ಇವತ್ತು ಹಿರಿಯೂರಿನಲ್ಲಿ ‘ಸದ್ದಿನ ಸರ್ವೆ’ ಎಂಬ ಬೋರ್ಡು ನೇತಾಡುತ್ತಿತ್ತು. ಏಕನಾಥಮ್ಮ ಸೊಂಟದ ಸಂಚಿಯಿಂದ ಭಂಡಾರ ತೆಗೆದು ಮಡಿಸಿದ ಕಂಬಳಿಯ ಮೇಲೆ ಒಂದು ಚಿಟಿಕೆ ಹಾಕಿ ಕೈಮುಗಿದಳು. ಆ ಅರಿಸಿನದ ಪುಡಿ ಬಿದ್ದ ಮೇಲೆ ಅವರ ಮನೆತನದಲ್ಲಿ ಕಂಬಳಿ ಕಂಬಳಿಯಾಗಿ ಉಳಿಯುವುದಿಲ್ಲ, ಗದ್ದಿಗೆಯಾಗುತ್ತದೆ. ಅದನ್ನು ಮುಟ್ಟಿಕೊಂಡು ಕೂತವರು ಸುಳ್ಳು ಹೇಳುವಂತಿಲ್ಲ. ರಂಗಪ್ಪನ ಅಪ್ಪನ ಕಾಲದಲ್ಲಿ ಕುರಿ ಕದ್ದವನು ಕೂಡ ಪೊಲೀಸರ ಮುಂದೆ ಇಲ್ಲ ಎಂದು, ಕಂಬಳಿಯ ಮುಂದೆ ಹೌದು ಎಂದಿದ್ದನಂತೆ.

ರಘುನಾಥನಿಗೆ ಅಪಾಯದ ವಾಸನೆ ಬಡಿಯಿತು. ಎಷ್ಟಾದರೂ ಸರ್ವೆಯವನು, ಹದ್ದುಬಸ್ತಿನ, ಅಂದರೆ ಗಡಿಯ, ಪ್ರಶ್ನೆ ಎತ್ತಿದ. “ಅತ್ತೆ, ಭಂಡಾರ ಬಿದ್ದಿರೋದು ನಡುವಿನ ಕಂಬಳಿಗೆ. ಉಳಿದವು ಬೇರೆ. ಅವರು ಕೂರೋದು ಆ ಬೇರೆ ಕಂಬಳಿ ಮೇಲೆ.”

ಏಕನಾಥಮ್ಮ ಊರುಗೋಲಿನಿಂದ ಒಂದೊಂದೇ ಅಂಚನ್ನು ತಟ್ಟುತ್ತ ಬಂದಳು. “ಅಂಚಿಗೆ ಅಂಚು ಹತ್ತೈತೆ. ಎಲ್ಲಾ ಒಂದೇ” ಎಂದಳು. ಅಂಚಿನ ಮೇಲೆ ಅಂಚು ತಂದು ಕೂರಿಸಿದವನು ಅವನೇ. ಯಾರನ್ನು ಬೈಯುವುದು?

ಅಷ್ಟರಲ್ಲಿ ಬಂದ ಕಾಟಲಿಂಗಪ್ಪ ಸೋಫಾ ಕಾಣದೆ ಮುಖ ಸಣ್ಣಗೆ ಮಾಡಿದ. “ಬರ್ರಿ, ಕುಂತ್ಕಳ್ರಿ” ಎಂದು ಏಕನಾಥಮ್ಮ ಎಲ್ಲರನ್ನೂ ಕಂಬಳಿಯ ಮೇಲೆ ಕೂರಿಸಿದಳು. ರಘುನಾಥನೂ ಕೂತ. ಯುದ್ಧದ ಸಿನಿಮಾದ ಒಂದು ತುಣುಕು ಹಾಕಿದ. ಕುದುರೆಗಳು ಎಡಗಡೆಯಿಂದ ಹೊರಟು, ಬೆನ್ನ ಹಿಂದೆ ಸುತ್ತು ಹಾಕಿ, ಬಲಗಡೆಗೆ ಬಂದು ನಿಂತವು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು, “ಹೆಂಗೈತೆ?” ಎಂದು ಕೇಳಿದ.

ಎಂದಿನಂತೆ ಬರಬೇಕಾದ ಮಾತು ಬರಲಿಲ್ಲ. ರಂಗಪ್ಪ ನಡುವಿನ ಕಂಬಳಿಯ ಹಳದಿ ಚುಕ್ಕೆಯನ್ನೇ ನೋಡುತ್ತಿದ್ದ.

“ಹೇಳಲೇ ರಂಗ” ಎಂದಳು ಅವನ ಅಕ್ಕ.

ರಂಗಪ್ಪ ಒಂದು ಕಿವಿಯಿಂದ ಹತ್ತಿ ತೆಗೆದ. ಆಮೇಲೆ ಇನ್ನೊಂದು ಕಿವಿಯಿಂದ ತೆಗೆದ. ಎರಡನ್ನೂ ಅಂಗೈಯಲ್ಲಿಟ್ಟು ಮಗನಿಗೆ ತೋರಿಸಿದ. “ಸುಳ್ಳು ಹೇಳಿದ್ದೆ ಕಣಪ್ಪ. ನಿನ್ನ ಸದ್ದು ಸುರುವಾದ್ರೆ ನಂಗೆ ಎದ್ಯಾಗೆ ಒನಕೆ ಕುಟ್ಟಿದಂಗೆ ಆಗ್ತೈತೆ. ಮಗ ಆಸೆ ಪಟ್ಟು ತಂದಾನೆ, ಚೆನ್ನಾಗಿಲ್ಲ ಅನ್ನೋದು ಹೆಂಗೆ ಅಂತ ಹತ್ತಿ ಇಟ್ಕಂಡು ಚೆನ್ನಾಗೈತೆ ಅಂತಿದ್ದೆ.”

ಕಾಟಲಿಂಗಪ್ಪ ಅಷ್ಟರಲ್ಲಿ ಕೂತಲ್ಲಿಂದಲೇ ಬಾಗಿಲ ಕಡೆ ಸರಿಯತೊಡಗಿದ್ದ. ಊರುಗೋಲು ಅವನ ಮುಂದೆ ಅಡ್ಡ ಬಂತು.

“ನಾನು ನಿಮ್ಮ ಮನೆತನದೋನಲ್ಲ ಅಮ್ಮ” ಎಂದ ಕಾಟಲಿಂಗಪ್ಪ.

“ಕುಂಡಿ ಊರಿರೋದು ನಮ್ಮ ಕಂಬಳಿ ಮೇಲೆ.”

ಕಾಟಲಿಂಗಪ್ಪ ಕೈ ಹಿಸುಕಿಕೊಂಡ. “ಸಾಹೇಬ್ರೆ, ಬೇಜಾರು ಮಾಡ್ಕಬ್ಯಾಡ್ರಿ. ಅಕ್ಕಾರು ಭಾನುವಾರ ಮಂಡಕ್ಕಿ ಒಗ್ಗರಣೆ ಮಾಡ್ತಾರೆ. ಮೇಲೆ ಮೆಣಸಿನಕಾಯಿ ಬಜ್ಜಿ. ನಾನು ಬರೋದು ಅದಕ್ಕೆ. ಕಣ್ಣು ಮುಚ್ಕಂಡು ಕುಂತಿರ್ತಿದ್ನಲ್ಲ, ಒಂದೊಂದು ಸಲ ನಿದ್ದೆನೂ ಹತ್ತಿರ್ತಿತ್ತು.”

“ಅಷ್ಟು ಸದ್ದಿನಾಗೆ ನಿದ್ದೆ?” ಎಂದ ರಘುನಾಥ.

“ತೆಂಗಿನಕಾಯಿ ಹರಾಜು ಕೂಗೋ ಮಂಡಿಯಾಗೆ ಬೆಳೆದೋನು ನಾನು” ಎಂದು ಕಾಟಲಿಂಗಪ್ಪ ವಿನಯದಿಂದ ಹೇಳಿದ.

ರಘುನಾಥ ಕಡೆಯ ಆಸೆಯಿಂದ ಸೋದರತ್ತೆಯ ಕಡೆ ತಿರುಗಿದ. ಎತ್ತಿ ಆಡಿಸಿದ ಕೈ ಗಲ್ಲಕ್ಕೆ ಆನಿಕೊಂಡು ಯೋಚಿಸುತ್ತಿತ್ತು. “ನಂಗೆ ಮನುಷ್ಯರು ಮಾತಾಡಿದ್ದೇ ಅರ್ಧ ಕೇಳಲ್ಲ ಕಣಲೇ. ಕುದುರೆ ಬಂತು ಅನ್ನೋದು ಟಿವಿಯಾಗೆ ಕಂಡ್ತು. ಆದ್ರೆ ಆ ಮೂಲೆ ಪೆಟ್ಟಿಗೆ ಗುಡುಗಿದ್ದು ನೆಲದಾಗೆ ಹಾದು ಬಂದು ನನ್ನ ಮಂಡಿ ನೋವು ಹಗುರ ಆಗೈತೆ. ಅದಕ್ಕೆ ಒಳ್ಳೇದು.” ಮಂಡಿ ನೋವಿಗೆ ಒಳ್ಳೆಯದು ಎಂದು ಬೋರ್ಡಿನ ಮೇಲೆ ಬರೆಸುವ ಹಾಗಿರಲಿಲ್ಲ.

ಉಳಿದವಳು ರೇಣುಕಮ್ಮ. ಅವಳ ಉತ್ತರ ಕೇಳುವ ಅಗತ್ಯವೇ ಇಲ್ಲ ಎಂದುಕೊಂಡು ರಘುನಾಥ ಲ್ಯಾಪ್‌ಟಾಪು ಮುಚ್ಚಲು ಹೋದ. ಅವಳು ಗೆದ್ದಿದ್ದಳು. ಆದರೆ ಗೆದ್ದವಳ ಮುಖ ಕೆಂಪಾಗಿತ್ತು, ಬೆರಳು ಕಂಬಳಿಯ ಎಳೆಯೊಂದನ್ನು ಕೀಳುತ್ತಿತ್ತು.

“ಚೆನ್ನಾಗೈತೆ” ಎಂದಳು.

“ಕಂಬಳಿ ಮೇಲೆ ಕುಂತೀಯ ತಾಯಿ” ಎಂದು ಏಕನಾಥಮ್ಮ ಎಚ್ಚರಿಸಿದಳು.

“ಅದಕ್ಕೇ ಹೇಳ್ತಿದೀನಿ ಅತ್ತೆಮ್ಮ. ಇಲ್ದಿದ್ರೆ ಸಾಯೋ ತನಕ ಹೇಳ್ತಿರಲಿಲ್ಲ.” ಅವಳು ಗಂಡನ ಕಡೆ ನೋಡದೆ ಮಾತು ಮುಂದುವರಿಸಿದಳು. “ಹೋದ ತಿಂಗಳು ಇವ್ರು ಅಳತೆಗೆ ಹೋಗಿದ್ರು. ನಾನು ಅವರೆಕಾಯಿ ಬಿಡಿಸ್ತಾ ಹಂಗೇ ಒಂದು ಜೋಗುಳದ ಹಾಡು ಹಾಕ್ದೆ. ಆ ಹಾಡು ಮೊದಲೂ ಎಷ್ಟೋ ಸಲ ಕೇಳಿದ್ದೆ. ಅವತ್ತು ಎರಡನೇ ಸಾಲು ಸುರುವಾಗೋ ಮೊದಲು ಹಾಡೋಳು ಉಸಿರು ತಗಂಡಿದ್ದು ಕೇಳಿಸ್ತು. ನನ್ನ ಪಕ್ಕದಾಗೇ ಕುಂತಂಗೆ ಇತ್ತು. ನಮ್ಮವ್ವ ಹಂಗೇ ಉಸಿರು ಎಳ್ಕಂಡು ಹಾಡ್ತಿದ್ಲು. ಅವರೆಕಾಯಿ ಬಿಟ್ಟು ಅತ್ತುಬಿಟ್ಟೆ. ಇವ್ರಿಗೆ ಹೇಳಿದ್ರೆ ನಾಳೆನೇ ಕೆಲಸ ಬಿಡ್ತಾರೆ ಅಂತ ಬಾಯಿ ಮುಚ್ಕಂಡಿದ್ದೆ.”

ರಘುನಾಥನಿಗೆ ನೆಲ ಸಾಲದಷ್ಟು ಸಂತೋಷವಾಯಿತು. ಇಷ್ಟು ದಿನ ಅವನು ಕಾದಿದ್ದು ಈ ಒಂದು ಮಾತಿಗೆ. ಮೈಕು, ಮೀಟರು, ತೆವಳಾಟ, ಜೋಗಿಮಟ್ಟಿ, ಎಲ್ಲವೂ ಇದಕ್ಕಾಗಿಯೇ. ಒಬ್ಬರಾದರೂ ನಿಜವಾಗಿ ಕೇಳಿದ್ದಾರೆ! ಆ ಉಸಿರು ಯಾವುದು ಎಂದು ನೆನಪು ಮಾಡಿಕೊಳ್ಳಲು ಹೋದ. ಆ ಹಾಡನ್ನು ಅವನೂ ಪರೀಕ್ಷೆಗೆಂದು ಲೆಕ್ಕವಿಲ್ಲದಷ್ಟು ಸಲ ಹಾಕಿದ್ದ. ನೆನಪಿಗೆ ಬಂದದ್ದು ಗೆರೆ ಮಾತ್ರ.

“ಈಗ ನಿಂದು” ಎಂದಳು ಏಕನಾಥಮ್ಮ.

“ನಂದೇನು ಅತ್ತೆ?”

“ನೀನೂ ಕಂಬಳಿ ಮೇಲೆ ಕುಂತೀಯ. ಮೊದಲು ಹೆಂಗಿತ್ತು, ನೀನು ಅಳೆದು ತಿದ್ದಿದ ಮೇಲೆ ಹೆಂಗಾಗೈತೆ? ನಿನ್ನ ಕಿವಿಗೆ ಏನು ಕೇಳ್ತೈತೆ, ಅದನ್ನ ಹೇಳು.”

ರಘುನಾಥ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. ಊರುಗೋಲು ಅದರ ಮುಚ್ಚಳದ ಮೇಲೆ ಬಂದು ಕೂತಿತು. ಅವನು ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅಷ್ಟು ಬೆವರು ಅವನಿಗೆ ಏಪ್ರಿಲ್ ತಿಂಗಳ ಅಳತೆಯಲ್ಲೂ ಬಂದಿರಲಿಲ್ಲ.

“ನಂಗೆ ವ್ಯತ್ಯಾಸ ಗೊತ್ತಾಗಲ್ಲ” ಎಂದ. “ಮೊದಲೂ ಹಿಂಗೇ ಇತ್ತು, ಈಗಲೂ ಹಿಂಗೇ ಐತೆ. ಗೆರೆ ನೆಟ್ಟಗೆ ಕಂಡ್ರೆ ಖುಷಿ ಆಗ್ತೈತೆ. ಕಿವಿಗೆ ಏನೂ ತಿಳಿಯಲ್ಲ. ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ ನಾನು.”

ಹೇಳಿದ ಮೇಲೆ ನಾಚಿಕೆಯಾಯಿತು. ಸತ್ತೇಹೋದಷ್ಟು ನಾಚಿಕೆ. ಅದರ ಹಿಂದೆಯೇ, ಯಾರೋ ತಲೆಯ ಮೇಲಿನ ಹೊರೆ ಇಳಿಸಿದಂತೆ ಹಗುರವೂ ಆಯಿತು.

ಏಕನಾಥಮ್ಮ ನಗಲಿಲ್ಲ, ಬೈಯಲೂ ಇಲ್ಲ. “ಹಸಿವು ಗೊತ್ತಿಲ್ದೋನು ಹೋಟ್ಲು ಇಡಬಾರ್ದಪ್ಪ” ಎಂದಷ್ಟೇ ಹೇಳಿ, ಕೈಯೂರಿ ಎದ್ದು ಊಟಕ್ಕೆ ಏನು ಮಾಡಿದ್ದಾರೆ ಎಂದು ನೋಡಲು ಒಳಗೆ ಹೋದಳು. ಒಳಗಿನಿಂದ ಮಂಡಕ್ಕಿಯ ಮಾತು ಕೇಳಿಸುತ್ತಲೇ ಕಾಟಲಿಂಗಪ್ಪನೂ ಹೋದ. ರಂಗಪ್ಪ ಮಗನ ಹೆಗಲು ತಟ್ಟಿ, ಹತ್ತಿಯನ್ನು ಜೇಬಿಗೆ ಹಾಕಿಕೊಂಡು ಅವರ ಹಿಂದೆ ಹೊರಟ.

ನಡುಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

“ನಾಳೆ ಆಫೀಸಿಗೆ ಹೋಗ್ತೀನಿ” ಎಂದ ರಘುನಾಥ. “ಹರ್ತಿಕೋಟೆ ಕಡೆ ಒಂದು ಹೊಲ ಬಾಕಿ ಐತೆ. ಅಂಗಡಿ ಬ್ಯಾಡ ಬಿಡು.”

ಬೇಕಾದದ್ದು ಸಿಕ್ಕಿತ್ತು, ಆದರೂ ರೇಣುಕಮ್ಮನಿಗೆ ಸಂತೋಷವಾಗಲಿಲ್ಲ. ಇಷ್ಟು ಕಷ್ಟಪಟ್ಟು ಮಾಡಿದವನಿಗೇ ಅದರ ರುಚಿ ಗೊತ್ತಿಲ್ಲವಲ್ಲ ಎಂದು ಅವಳ ಕರುಳು ಚುರುಕ್ ಎಂದಿತು. ಅವಳು ಅವನ ಪಕ್ಕಕ್ಕೆ ಸರಿದು ಕೂತು ರಿಮೋಟು ತೆಗೆದುಕೊಂಡಳು. “ಆ ಜೋಗುಳ ಹಾಕ್ತೀನಿ, ಕೇಳ್ರಿ. ಅದು ಬರೋ ಹೊತ್ತಿಗೆ ನಾನು ಹೇಳ್ತೀನಿ” ಎಂದಳು.

ಹಾಡು ಶುರುವಾಯಿತು. ರಘುನಾಥ ಕಣ್ಣು ಮುಚ್ಚಿದ. ಗೆರೆ ಕಾಣಿಸತೊಡಗಿತು, ತಲೆ ಕೊಡವಿ ಅದನ್ನು ಆಚೆ ಹಾಕಿದ. ಮೊದಲ ಸಾಲು ಮುಗಿಯುತ್ತ ಬಂತು. ರೇಣುಕಮ್ಮ ಅವನ ಕೈ ಹಿಡಿದು ಒತ್ತಿದಳು. “ಈಗ.”

ಎರಡನೆಯ ಸಾಲು ಹರಿದು ಹೋಯಿತು.

“ಕೇಳಿಸ್ತಾ?” ಎಂದಳು. ಅವಳ ಮುಖದಲ್ಲಿ ಆಸೆ ತುಂಬಿತ್ತು.

ಅವನಿಗೆ ಏನೂ ಕೇಳಿಸಿರಲಿಲ್ಲ. ಅವಳ ಕೈಯ ಬಿಸಿ ಗೊತ್ತಾಗಿತ್ತು, ಅಷ್ಟೇ. ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಕೂತಂತೆಯೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತ, ಸರಿಯುತ್ತ, ಕಂಬಳಿಯ ಕೊನೆಯ ಅಂಚು ದಾಟಿ, ಬಾಗಿಲ ಹತ್ತಿರದ ತಣ್ಣನೆಯ ಬರೀ ಟೈಲ್ಸಿನ ಮೇಲೆ ಕಾಲು ಮಡಿಸಿ ಕೂತ.

“ಹ್ಞೂಂ, ಕೇಳಿಸ್ತು” ಎಂದ.

ರೇಣುಕಮ್ಮ ಅವನು ಕೂತ ಜಾಗವನ್ನು ನೋಡಿದಳು. ಹಾಡನ್ನು ಮತ್ತೆ ಮೊದಲಿಂದ ಹಾಕಿದಳು.